ಚಾಕುವಿನ ಬುಡದಲ್ಲಿ ಇಸವಿ

ಹೈದರಾಬಾದಿನ ನಾರಾಯಣಗೂಡದಲ್ಲೋ ಪಕ್ಕದ ಕಾಚಿಗೂಡದಲ್ಲೋ ಎರಡು ಮೂರು ತಲೆಮಾರಿನಿಂದ ನೆಲೆಸಿರುವ ಕನ್ನಡದ ಮನೆಯೊಂದನ್ನು ಊಹಿಸಿಕೊಳ್ಳಿ. ನಿಜಾಮರ ಕಾಲದಲ್ಲಿ ಕಲಬುರಗಿ, ಬೀದರ, ರಾಯಚೂರು ಕಡೆಯಿಂದ ನೌಕರಿಗೋ ಓದಿಗೋ ಬಂದು ಇಲ್ಲೇ ಉಳಿದ ಮನೆತನ. ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಅದರ ತಳದಲ್ಲಿ ಮೂರು ವಸ್ತುಗಳಿವೆ. ಮೊದಲನೆಯದು ಚಾರ್‌ಮಿನಾರಿನ ಚಿತ್ರವಿರುವ ಬೆಳ್ಳಿಯ ನಾಲ್ಕಾಣೆ. ಅದರ ಮೇಲೆ ಉರ್ದು ಅಂಕಿಗಳಲ್ಲಿ 1354 ಎಂದಿದೆ. ಎರಡನೆಯದು ಊರಿನ ಹೊಲದ ಪಹಣಿಯ ನಕಲು. ಅದರ ನೆತ್ತಿಯ ಮೇಲೂ 1354. ಮೂರನೆಯದು ಕಪ್ಪು ಹಿಡಿಯ ಒಂದು ಮಡಚುವ ಕಿಸೆ ಚಾಕು. ಅಲಗನ್ನು ಬಿಚ್ಚಿದರೆ ಬುಡದಲ್ಲಿ ಬಾಣದ ಮೊನೆಯಂಥ ಗುರುತು, ಜೊತೆಗೆ 1944.

ಈ ಮೂರರಲ್ಲಿ ಒಂದೇ ವರ್ಷಕ್ಕೆ ಸೇರಿದವು ಯಾವೆರಡು?

ನೋಡಿದ ಕೂಡಲೇ ನಾಣ್ಯ ಮತ್ತು ಪಹಣಿ ಎನ್ನಿಸುತ್ತದೆ, ಎರಡರ ಮೇಲೂ ಒಂದೇ ಅಂಕಿ ಇದೆಯಲ್ಲ. ಸರಿಯಾದ ಉತ್ತರ ಬೇರೆ. ಆ ನಾಣ್ಯ ಅಚ್ಚಾದದ್ದು 1935-36ರಲ್ಲಿ. ಪಹಣಿ 1944-45ರದು. ಅಂದರೆ ಚಾಕುವೂ ಪಹಣಿಯೂ ಹೆಚ್ಚುಕಡಿಮೆ ಒಂದೇ ಹೊತ್ತಿನವು, ನಾಣ್ಯ ಅವೆರಡಕ್ಕಿಂತ ಒಂಬತ್ತು ವರ್ಷ ಹಳೆಯದು.

ವಸ್ತುವಿನ ಮೇಲೆ ವರ್ಷ ಇದ್ದರೆ ಅದರ ವಯಸ್ಸು ತಿಳಿಯಿತು ಎಂದುಕೊಳ್ಳುತ್ತೇವೆ. ಆದರೆ ಆ ವರ್ಷ ಯಾರ ಲೆಕ್ಕದ್ದು, ಅದನ್ನು ಯಾರು, ಯಾರಿಗೆ ಉತ್ತರ ಹೇಳಲೆಂದು ಒತ್ತಿದರು ಎಂಬುದು ತಿಳಿಯದೆ ಅಂಕಿ ಬಾಯಿ ಬಿಡುವುದಿಲ್ಲ. ಮೂರರಲ್ಲಿ ಚಾಕು ಎಲ್ಲಕ್ಕಿಂತ ಸಣ್ಣದು, ಬೆಲೆಯಲ್ಲೂ ಕಡಿಮೆ. ಅಲ್ಲಿಂದಲೇ ಶುರುಮಾಡಬಹುದು.

ಬುಡದಲ್ಲೇ ಯಾಕೆ?

ಕಿಸೆ ಚಾಕುವಿನ ಮೇಲೆ ಗುರುತು ಒತ್ತುವ ಜಾಗ ಸಾಮಾನ್ಯವಾಗಿ ಒಂದೇ: ಅಲಗು ಹಿಡಿಯೊಳಗೆ ಸೇರುವ ಕಡೆ, ಹರಿತವಿಲ್ಲದ ಚಪ್ಪಟೆ ಬುಡ. ಇದಕ್ಕೆ ಕಾರಣ ಸರಳ. ಚಾಕು ಸಾಣೆಗೆ ಹೋಗುವ ವಸ್ತು. ವರ್ಷಗಟ್ಟಲೆ ಸಾಣೆ ಹಿಡಿದರೆ ಅಲಗು ಸವೆದು ಅರ್ಧವಾಗುತ್ತದೆ. ಅಲಗಿನ ಮೇಲೆ ಕೆತ್ತಿದ್ದೆಲ್ಲ ಕ್ರಮೇಣ ಅಳಿಸಿಹೋಗುತ್ತದೆ. ಬುಡಕ್ಕೆ ಸಾಣೆಕಲ್ಲು ತಾಗುವುದಿಲ್ಲ. ಚಾಕು ತೀರಾ ಹಳತಾದ ಮೇಲೂ ಉಳಿಯುವ ಜಾಗ ಅದು.

ಒತ್ತುವುದಕ್ಕೂ ಒಂದು ಹೊತ್ತು ಇದೆ. ಉಕ್ಕನ್ನು ಕಾಸಿ, ಅದ್ದಿ, ಗಡಸು ಮಾಡುವ ಮೊದಲೇ, ಅದು ಇನ್ನೂ ಮೆದುವಾಗಿರುವಾಗ ಗಟ್ಟಿ ಅಚ್ಚಿನಿಂದ ಹೊಡೆಯಬೇಕು. ಗಡಸು ಬಂದ ಮೇಲೆ ಹೊಡೆದರೆ ಅಚ್ಚು ಮುರಿಯುತ್ತದೆ ಇಲ್ಲವೇ ಅಲಗು ಬಿರಿಯುತ್ತದೆ. ಹಾಗಾಗಿ ಬುಡದ ಇಸವಿ ಮಾರಾಟವಾದ ವರ್ಷವಲ್ಲ, ಜೋಡಣೆ ಮುಗಿದ ವರ್ಷ ಕೂಡ ಅಲ್ಲದಿರಬಹುದು. ಅದು ಅಲಗು ಹುಟ್ಟಿದ ವರ್ಷ. ಡಿಸೆಂಬರಿನಲ್ಲಿ ಒತ್ತಿದ ಅಲಗು ಮಾರ್ಚಿನಲ್ಲಿ ಹಿಡಿಗೆ ಕೂತರೂ ಅಂಕಿ ಹಿಂದಿನ ವರ್ಷದ್ದೇ.

ಟ್ರಂಕಿನಲ್ಲಿದೆ ಎಂದುಕೊಂಡ ಚಾಕು ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಸೈನ್ಯದ ಮಾದರಿ. ಗೀರುಗೀರಾದ ಕಪ್ಪು ಹಿಡಿ, ಒಂದು ದಪ್ಪ ಅಲಗು, ಡಬ್ಬಿ ತೆರೆಯುವ ಕೊಕ್ಕೆ, ಕೆಲವದರಲ್ಲಿ ಹಗ್ಗದ ಗಂಟು ಬಿಡಿಸುವ ಮೊನೆ. ಬಾಣದ ಮೊನೆಯ ಗುರುತಿನ ಅರ್ಥ ‘ಇದು ಸರ್ಕಾರದ ಸ್ವತ್ತು’ ಎಂದು. ಭಾರತ ಸರ್ಕಾರದ ಸಾಮಾನಾದರೆ ಬಾಣದ ಜೊತೆ ಇಂಗ್ಲಿಷಿನ ಐ ಅಕ್ಷರವೂ ಇರುತ್ತಿತ್ತು. ನಾರಾಯಣಗೂಡದಿಂದ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಸಿಕಂದರಾಬಾದ್, 1806ರಿಂದ ಸೈನ್ಯದ ದಂಡು ಇದ್ದ ಊರು. ಯುದ್ಧ ಮುಗಿದ ಮೇಲೆ ಇಂಥ ಹೆಚ್ಚುವರಿ ಸಾಮಾನು ಎಲ್ಲ ಕಡೆಯ ಹಳೇ ಪೇಟೆಗಳಿಗೆ ಹರಿದು ಬಂತು. ಪುರಾನಾಪುಲ್ ಸಮೀಪ ಗುರುವಾರ ಸೇರುವ ಜುಮ್ಮೆರಾತ್ ಬಜಾರಿನಂಥ ಸಂತೆಗಳು ಇರುವುದೇ ಅಂಥ ವಸ್ತುಗಳು ಕೈಯಿಂದ ಕೈಗೆ ಹೋಗಲೆಂದು.

ಸೈನ್ಯ ಚಾಕುವಿನ ಮೇಲೆ ವರ್ಷ ಬಯಸಿದ್ದು ನೆನಪಿಗಾಗಿ ಅಲ್ಲ. ಒಂದೇ ಮಾದರಿಯ ಲಕ್ಷಾಂತರ ಚಾಕುಗಳು ಹಲವು ಕಾರ್ಖಾನೆಗಳಿಂದ ಬರುತ್ತವೆ. ಒಂದು ಕಂತಿನ ಸ್ಪ್ರಿಂಗು ಸಾಲಾಗಿ ಮುರಿಯತೊಡಗಿದರೆ, ಅದು ಯಾರ ಮಾಲು, ಯಾವ ವರ್ಷದ ಮಾಲು ಎಂದು ಉಗ್ರಾಣದವರಿಗೆ ಗೊತ್ತಾಗಬೇಕು. ತಯಾರಕನ ಹೆಸರು ಮತ್ತು ಇಸವಿ ಸೇರಿದರೆ ಅದೊಂದು ವಿಳಾಸ. ಸ್ವಿಟ್ಜರ್ಲೆಂಡಿನ ಸೈನ್ಯವೂ ಹೀಗೇ ಮಾಡಿತು. 1961ರಲ್ಲಿ ಬಂದ ಅದರ ಸೈನಿಕರ ಚಾಕುವಿನ ಬುಡದಲ್ಲಿ ವರ್ಷದ ಕೊನೆಯ ಎರಡು ಅಂಕಿಗಳು ಇರುತ್ತಿದ್ದವು.

ಅಕ್ಷರದಲ್ಲಿ ಅಡಗಿದ ವರ್ಷ

ವಿಳಾಸಕ್ಕಾಗಿ ವರ್ಷ ಒತ್ತುವ ಈ ಪದ್ಧತಿಯ ಬೇರು ಚಾಕುವಿನಲ್ಲಿಲ್ಲ, ಬೆಳ್ಳಿಯಲ್ಲಿದೆ. ಲಂಡನ್ನಿನ ಅಕ್ಕಸಾಲಿಗರ ಸಂಘ 1478ರಲ್ಲಿ ಪರೀಕ್ಷೆಯಾದ ಬೆಳ್ಳಿ ಬಂಗಾರದ ಮೇಲೆ ಒಂದು ಅಕ್ಷರ ಒತ್ತಲು ಶುರುಮಾಡಿತು. ಪ್ರತಿ ವರ್ಷ ಅಕ್ಷರ ಬದಲು. ಅದರ ಹಿಂದೆ ಒಂದು ಕಾನೂನಿನ ಹೆದರಿಕೆ ಇತ್ತು. ಸಂಘ ಮುದ್ರೆ ಹಾಕಿದ ವಸ್ತುವಿನಲ್ಲಿ ಬೆರಕೆ ಕಂಡುಬಂದರೆ ಸಂಘವೇ ದಂಡ ತೆರಬೇಕಿತ್ತು. ಆಗ ಯಾವ ವರ್ಷದ ಪರೀಕ್ಷಕನ ಕೈಯಲ್ಲಿ ಅದು ಪಾಸಾಯಿತು ಎಂದು ಹುಡುಕಲು ಒಂದು ಗುರುತು ಬೇಕಾಯಿತು. ಗಿರಾಕಿಗೆ ವಸ್ತುವಿನ ವಯಸ್ಸು ತಿಳಿಸುವುದು ಅದರ ಉದ್ದೇಶವೇ ಆಗಿರಲಿಲ್ಲ. ಪರೀಕ್ಷಕನ ಕೊರಳಿಗೆ ಕಟ್ಟಿದ ಗಂಟೆ ಅದು.

ಈ ಅಕ್ಷರ ಕಿಸೆ ಚಾಕುವಿಗೆ ಬಂದದ್ದು ಶೆಫೀಲ್ಡಿನಲ್ಲಿ. ಚಾಕು, ಕತ್ತರಿ, ಕ್ಷೌರದ ಕತ್ತಿಗಳಿಗೆ ಹೆಸರಾದ ಆ ಊರಿನಲ್ಲಿ 1624ರಿಂದ ಚಾಕು ಮಾಡುವವರ ಸಂಘ ಇತ್ತು. ಸಂಘದ ಪ್ರತಿ ಕಸುಬುದಾರನಿಗೂ ತನ್ನದೇ ಗುರುತು, ಆದರೆ ಉಕ್ಕಿನ ಮೇಲೆ ವರ್ಷ ಇರಲಿಲ್ಲ. 1773ರಲ್ಲಿ ಊರಿಗೆ ಬೆಳ್ಳಿ ಪರೀಕ್ಷೆಯ ಕಚೇರಿ ಬಂತು. ಹಣ್ಣು ಹೆಚ್ಚಲು ಬೆಳ್ಳಿಯ ಅಲಗಿನ ಸಣ್ಣ ಮಡಚು ಚಾಕುಗಳನ್ನು ಮಾಡುವುದು ಅಲ್ಲಿನ ಒಂದು ಕಸುಬು; ಹಣ್ಣಿನ ಹುಳಿಗೆ ಉಕ್ಕು ಕಪ್ಪಾಗುತ್ತದೆ, ಬೆಳ್ಳಿ ಆಗುವುದಿಲ್ಲ. ಬೆಳ್ಳಿ ಅಂದ ಮೇಲೆ ಪರೀಕ್ಷೆ, ಪರೀಕ್ಷೆ ಅಂದ ಮೇಲೆ ವರ್ಷದ ಅಕ್ಷರ. ಹಾಗಾಗಿ ಇನ್ನೂರು ವರ್ಷ ಹಳೆಯ ಹಣ್ಣಿನ ಚಾಕು ಯಾವ ವರ್ಷದ್ದೆಂದು ಇವತ್ತೂ ಹೇಳಬಹುದು. ಆದರೆ ಪಟ್ಟಿ ಕೈಯಲ್ಲಿರಬೇಕು. ಮೊದಲ ಐವತ್ತು ವರ್ಷ ಶೆಫೀಲ್ಡಿನವರು ಅಕ್ಷರಗಳನ್ನು ಅನುಕ್ರಮದಲ್ಲಿ ಬಳಸಲೇ ಇಲ್ಲ, ಮನಬಂದಂತೆ ಹಿಂದುಮುಂದು ಮಾಡಿದರು.

ಅದೇ ಊರಿನ ಉಕ್ಕಿನ ಚಾಕುಗಳಲ್ಲಿ ಇನ್ನೊಂದು ಬಗೆಯ ಕಾಲಸೂಚನೆ ಕಾಣುತ್ತದೆ. ಭಾರತದಲ್ಲೂ ಹೆಸರು ಮಾಡಿದ್ದ ಜೋಸೆಫ್ ರಾಡ್ಜರ್ಸ್ ಕಂಪನಿ ಅಲಗಿನ ಬುಡದಲ್ಲಿ ಕಿರೀಟ ಮತ್ತು ಅದರ ಎರಡು ಬದಿಗೆ ಅರಸರ ಹೆಸರಿನ ಅಕ್ಷರ ಒತ್ತುತ್ತಿತ್ತು. ವಿ ಮತ್ತು ಆರ್ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1901ರ ಒಳಗೆ. ಜಿ ಮತ್ತು ಆರ್ ಇದ್ದರೆ ಜಾರ್ಜರ ಕಾಲ. ಇಲ್ಲಿ ಅಂಕಿ ಇಲ್ಲ, ಯಾರ ಆಳ್ವಿಕೆ ಎಂಬುದೇ ಇಸವಿ. ಇದೇ ಕಂಪನಿ 1822ರಲ್ಲಿ ‘ವರ್ಷದ ಚಾಕು’ ಎಂಬ ಒಂದು ವಿಚಿತ್ರವನ್ನೂ ಮಾಡಿತು. ಒಂದೇ ಹಿಡಿಗೆ 1822 ಅಲಗುಗಳು. ಮುಂದೆ ಇಸವಿ ಏರಿದಂತೆ ಅಲಗುಗಳನ್ನು ಸೇರಿಸುತ್ತ ಹೋದರು. ಅಂಕಿಯೇ ಇಲ್ಲದೆ ವರ್ಷ ತೋರಿಸುವ ಚಾಕು ಅದು, ಆದರೆ ಅಲಗುಗಳನ್ನು ಎಣಿಸುವ ತಾಳ್ಮೆ ಬೇಕು.

ವ್ಯಾಪಾರಿಗೆ ಬೇಡವಾದ ಅಂಕಿ

ಪೇಟೆಗೆ ಬರುವ ಚಾಕುವಿನ ಮೇಲೆ ನೇರವಾಗಿ ಇಸವಿ ಒತ್ತುವವರು ಕಡಿಮೆ. ಅಂಗಡಿಯವನ ಗಲ್ಲೆಯ ಕಡೆಯಿಂದ ನೋಡಿದರೆ ಇದು ಅರ್ಥವಾಗುತ್ತದೆ. ಚಾಕು ಹಾಲಲ್ಲ, ಕೆಡುವುದಿಲ್ಲ. ಆದರೂ ಮೂರು ವರ್ಷ ಹಿಂದಿನ ಇಸವಿ ಕಂಡರೆ ಗಿರಾಕಿ ‘ಇದು ಉಳಿದ ಮಾಲು’ ಎಂದು ಚೌಕಾಸಿಗೆ ಇಳಿಯುತ್ತಾನೆ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಾನೂನುಗಳು ಊರನ್ನು ಕೇಳಿದವು, ವರ್ಷವನ್ನು ಕೇಳಲಿಲ್ಲ. ಜರ್ಮನಿಯ ಸೋಲಿಂಗನ್ ಚಾಕುಗಳು ಶೆಫೀಲ್ಡಿನ ಹೆಸರಿನಲ್ಲಿ ಮಾರಾಟವಾಗುತ್ತಿವೆ ಎಂಬ ಗಲಾಟೆಯ ಬೆನ್ನಿಗೆ ಬ್ರಿಟನ್ನಿನಲ್ಲಿ 1887ರ ಸರಕು ಮುದ್ರೆ ಕಾನೂನು ಬಂತು. ಭಾರತದಲ್ಲಿ ಅಂಥದ್ದೇ ಕಾನೂನು 1889ರಲ್ಲಿ ಆಯಿತು. ಅಮೆರಿಕ 1890ರಲ್ಲಿ, ಹೊರಗಿನಿಂದ ಬರುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಎಂದಿತು. ಬುಡದಲ್ಲಿ ‘ಇಂಗ್ಲೆಂಡ್’ ಎಂಬ ಹೆಸರು ಕಂಡರೆ ಚಾಕು ಬಹುಶಃ ಈ ಕಾನೂನುಗಳ ನಂತರದ್ದು ಎಂದು ಇವತ್ತಿನವರು ಊಹಿಸುವುದು ಇದರಿಂದಲೇ.

ವರ್ಷ ಬೇಕು, ಆದರೆ ಎಲ್ಲರಿಗೂ ಕಾಣಬಾರದು ಎಂಬ ಇಕ್ಕಟ್ಟಿಗೆ ಅಮೆರಿಕದ ಕೇಸ್ ಕಂಪನಿ 1970ರಲ್ಲಿ ಒಂದು ದಾರಿ ಕಂಡುಕೊಂಡಿತು. ಬುಡದ ಹೆಸರಿನ ಕೆಳಗೆ ಹತ್ತು ಚುಕ್ಕೆ ಇಟ್ಟು, ವರ್ಷಕ್ಕೊಂದರಂತೆ ಕಳೆಯುತ್ತ ಬಂದರು. 1971ಕ್ಕೆ ಒಂಬತ್ತು, 1972ಕ್ಕೆ ಎಂಟು. 1980ರಲ್ಲಿ ಹೆಸರಿನ ಅಕ್ಷರದ ಆಕಾರ ಬದಲಿಸಿ ಮತ್ತೆ ಹತ್ತು ಚುಕ್ಕೆಯಿಂದ ಹೊರಟರು. ಸೋಲಿಂಗನ್ನಿನ ಪ್ಯೂಮಾ ಕಂಪನಿ 1964ರಿಂದ ಒಂದು ಸಂಖ್ಯೆಯೊಳಗೆ ವರ್ಷವನ್ನೂ ತ್ರೈಮಾಸಿಕವನ್ನೂ ಅಡಗಿಸಿಟ್ಟಿತು. ಸುಮ್ಮನೆ ಕೊಳ್ಳುವವನಿಗೆ ಅವು ಚುಕ್ಕೆ, ಕ್ರಮಸಂಖ್ಯೆ ಅಷ್ಟೆ. ತಿಳಿದವನಿಗೆ ಅಲ್ಲೇ ಇಸವಿ ಸಿಗುತ್ತದೆ.

ಮುದ್ರೆ ಬೇಡದ ಕಂಬಾರ

ಇಷ್ಟೆಲ್ಲ ಗುರುತುಗಳ ನಡುವೆ ಇನ್ನೊಂದು ಜಗತ್ತೂ ಇದೆ, ಅಲ್ಲಿ ಗುರುತೇ ಇಲ್ಲ. ಬೀದರ್ ಜಿಲ್ಲೆಯ ಹಳ್ಳಿಯಲ್ಲಿ ಕಂಬಾರ ಮಾಡಿಕೊಟ್ಟ ಕುಡುಗೋಲು, ಕೊಡಲಿ, ಚೂರಿಗಳ ಮೇಲೆ ಹೆಸರೂ ಇಲ್ಲ, ವರ್ಷವೂ ಇಲ್ಲ. ಅದಕ್ಕೆ ಕಾರಣ ಅಕ್ಷರ ಬಾರದಿರುವುದು ಮಾತ್ರವಲ್ಲ. ಆಯಗಾರ ಪದ್ಧತಿಯಲ್ಲಿ ಕಂಬಾರನಿಗೆ ಸಿಗುತ್ತಿದ್ದುದು ಸುಗ್ಗಿಯ ಕಾಳು. ಚೂರಿ ಬಾಗಿದರೆ ಅವನ ಮನೆ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು, ಮುಂದಿನ ಸುಗ್ಗಿಗೆ ಅವನೂ ಕಣಕ್ಕೆ ಬರಬೇಕು. ಅವನ ವಿಳಾಸವನ್ನು ಅಲಗಿನ ಮೇಲೆ ಬರೆಯುವ ಅಗತ್ಯವೇ ಇರಲಿಲ್ಲ. ಕೊಂಡವನು ಮಾಡಿದವನ ಮುಖ ನೋಡದ ಕಡೆ ಮಾತ್ರ ಬುಡದ ಮುದ್ರೆಗೆ ಕೆಲಸ.

ಇದೇ ನೆಲದ ಉಕ್ಕು ಕೂಡ ಹೀಗೆ ಗುರುತಿಲ್ಲದೆ ದೂರ ಹೋಯಿತು. ಹೈದರಾಬಾದಿನ ಉತ್ತರಕ್ಕೆ, ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂನಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕಿನ ಗಟ್ಟಿಗಳನ್ನು ಕೊಳ್ಳಲು ಇರಾನಿನಿಂದ ವ್ಯಾಪಾರಿಗಳು ಬರುತ್ತಿದ್ದರು. ಇಂಥ ಉಕ್ಕಿಗೆ ಯೂರೋಪಿನವರು ‘ವೂಟ್ಜ್’ ಎಂದರು. ಅದು ಕನ್ನಡ, ತೆಲುಗಿನ ‘ಉಕ್ಕು’ ಎಂಬ ಮಾತೇ ಬರಹದಲ್ಲಿ ಕೆಟ್ಟು ಆದ ರೂಪ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಮುಂಬಯಿಯಿಂದ ಲಂಡನ್ನಿಗೆ ಕಳಿಸಿದ ಒಂದಿಷ್ಟು ವೂಟ್ಜ್ ಬಗ್ಗೆ ಜಾರ್ಜ್ ಪಿಯರ್ಸನ್ 1795ರಲ್ಲಿ ರಾಯಲ್ ಸೊಸೈಟಿಗೆ ಪ್ರಬಂಧ ಬರೆದರು. ಸ್ಟೋಡಾರ್ಟ್ ಎಂಬ ಲಂಡನ್ ಕಸುಬುದಾರ ಅದರ ಒಂದು ತುಂಡಿನಿಂದ ಲೇಖನಿ ಚೂಪುಮಾಡುವ ಸಣ್ಣ ಚಾಕು ಮಾಡಿದ್ದನ್ನೂ, ಅದರ ಅಂಚು ಒಳ್ಳೆಯ ಉಕ್ಕಿನ ಚಾಕುವಿಗೆ ಸಮನಾಗಿದ್ದುದನ್ನೂ ಅದರಲ್ಲಿ ದಾಖಲಿಸಿದರು. ಚಾಕು ಮಾಡಿದವನ ಹೆಸರು ಪ್ರಬಂಧದಲ್ಲಿ ಉಳಿಯಿತು, ಪ್ರಬಂಧಕ್ಕೆ ತಾರೀಕು ಉಳಿಯಿತು. ಉಕ್ಕು ಕರಗಿಸಿದವನ ಹೆಸರಾಗಲಿ ವರ್ಷವಾಗಲಿ ಎಲ್ಲೂ ಇಲ್ಲ. ಊರೊಳಗೆ ಮುದ್ರೆ ಇಲ್ಲದೆಯೂ ನಡೆಯುತ್ತಿತ್ತು. ಊರು ದಾಟಿದ ಮೇಲೆ ಮುದ್ರೆ ಇಲ್ಲದವನು ಲೆಕ್ಕದಿಂದಲೇ ಬಿಟ್ಟುಹೋದ.

ನಾಣ್ಯದ 1354, ಹೊಲದ 1354

ಈಗ ಟ್ರಂಕಿನ ಉಳಿದ ಎರಡು ವಸ್ತುಗಳಿಗೆ ಬರೋಣ. ಚಾಕುವಿನ 1944 ಓದಲು ಕಷ್ಟವಿಲ್ಲ, ಯಾಕೆಂದರೆ ಆ ಲೆಕ್ಕ ನಮ್ಮ ಗೋಡೆಯ ಕ್ಯಾಲೆಂಡರಿನದು. ಅದಕ್ಕೆ ಕನ್ನಡ ಇಟ್ಟುಕೊಂಡಿರುವ ಹೆಸರು ‘ಇಸವಿ’, ಅರಬಿ ಮೂಲದ ‘ಈಸವಿ’. ಈಸಾ ಅಂದರೆ ಏಸು, ಏಸುವಿನ ಲೆಕ್ಕದ ವರ್ಷ ಎಂದು ಅರ್ಥ. ‘ಇಸವಿ’ ಎಂದಾಗಲೆಲ್ಲ ಇದು ಬೇರೆ ಯಾರ ಲೆಕ್ಕವೂ ಅಲ್ಲ, ಇಂಥವರ ಲೆಕ್ಕ ಎಂಬ ಎಚ್ಚರಿಕೆ ಆ ಪದದೊಳಗೇ ಇದೆ. ಹಲವು ಲೆಕ್ಕಗಳು ಒಟ್ಟಿಗೆ ನಡೆಯುತ್ತಿದ್ದ ನಾಡಿನಲ್ಲಿ ಆ ಎಚ್ಚರಿಕೆ ಬೇಕಾಗಿತ್ತು.

ನಾಣ್ಯದ ಮೇಲಿನದು ಹಿಜರಿ ವರ್ಷ. ಚಂದ್ರನ ಲೆಕ್ಕ, ವರ್ಷಕ್ಕೆ ಸುಮಾರು 354 ದಿನ. ಹಿಜರಿ 1354 ಶುರುವಾದದ್ದು 1935ರ ಏಪ್ರಿಲಿನಲ್ಲಿ, ಮುಗಿದದ್ದು 1936ರ ಮಾರ್ಚಿನಲ್ಲಿ. ಮೀರ್ ಉಸ್ಮಾನ್ ಅಲಿ ಖಾನರ ನಾಣ್ಯಗಳಲ್ಲಿ ಇದೊಂದೇ ಅಂಕಿ ಇರುವುದಿಲ್ಲ. ಅವರು ಗಾದಿಗೆ ಬಂದು ಎಷ್ಟನೆಯ ವರ್ಷ ಎಂಬ ಇನ್ನೊಂದು ಅಂಕಿ ಇರುತ್ತದೆ. ಅದಕ್ಕೆ ‘ಜುಲೂಸ್’ ವರ್ಷ ಎನ್ನುತ್ತಾರೆ. ಇವತ್ತು ಹೈದರಾಬಾದಿನಲ್ಲೂ ಕಲಬುರಗಿಯಲ್ಲೂ ಜುಲೂಸ್ ಎಂದರೆ ಮೆರವಣಿಗೆ. ಮೂಲದಲ್ಲಿ ಅದರ ಅರ್ಥ ಕೂರುವುದು, ಸಿಂಹಾಸನದ ಮೇಲೆ ಕೂತದ್ದು. ರಾಡ್ಜರ್ಸ್ ಚಾಕುವಿನ ಕಿರೀಟ ಮತ್ತು ಅಕ್ಷರ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ, ಇನ್ನಷ್ಟು ನಿಖರವಾಗಿ.

ಮೂರನೆಯ ಅಂಕಿಯೂ ಒಂದಿದೆ: 92. ಹೊಸಬರು ಅದನ್ನೂ ವರ್ಷವೆಂದು ಓದಿ ತಬ್ಬಿಬ್ಬಾಗುತ್ತಾರೆ. ಅದು ವರ್ಷವಲ್ಲ. ಅರಬಿ ಅಕ್ಷರಗಳಿಗೆ ಬೆಲೆ ಕೊಡುವ ಅಬ್ಜದ್ ಲೆಕ್ಕದಲ್ಲಿ ಮುಹಮ್ಮದ್ ಎಂಬ ಹೆಸರಿನ ಅಕ್ಷರಗಳ ಮೊತ್ತ ಅದು: 40, 8, 40, 4. ಚಾರ್‌ಮಿನಾರಿನ ಬಾಗಿಲೊಳಗೆ ಸಣ್ಣದಾಗಿ ಕಾಣುವ ಒಂದು ಅಕ್ಷರ ಉಸ್ಮಾನರ ಹೆಸರಿನ ಮೊದಲಕ್ಷರ. ಇವು ಅಚ್ಚಾದ ಸೈಫಾಬಾದಿನ ಟಂಕಸಾಲೆ 1903ರಲ್ಲಿ ಯಂತ್ರಗಳೊಂದಿಗೆ ಶುರುವಾಯಿತು. 2022ರಿಂದ ಅದು ವಸ್ತುಸಂಗ್ರಹಾಲಯ.

ಹೊಲದ ಕಾಗದದ ಮೇಲಿನದು ಫಸಲಿ ವರ್ಷ. ಫಸಲು ಎಂದರೆ ಬೆಳೆ. ಚಂದ್ರನ ವರ್ಷ ಸುಗ್ಗಿಯ ಜೊತೆ ಹೆಜ್ಜೆ ಹಾಕುವುದಿಲ್ಲ, ಪ್ರತಿ ವರ್ಷ ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಅದರ ಪ್ರಕಾರ ಕಂದಾಯ ಕೇಳಿದರೆ ಮೂವತ್ತು ಮೂರು ಸುಗ್ಗಿಗೆ ಮೂವತ್ತನಾಲ್ಕು ಕಂದಾಯ ಕಟ್ಟಬೇಕಾಗುತ್ತದೆ. ಹಾಗಾಗಿ ಮೊಗಲರು ಹಿಜರಿಯ ಅಂಕಿಯನ್ನೇ ಇಟ್ಟುಕೊಂಡು ಅಲ್ಲಿಂದ ಮುಂದೆ ಸೂರ್ಯನ ಲೆಕ್ಕದಲ್ಲಿ ಎಣಿಸುವ ವರ್ಷವನ್ನು ತಂದರು. ಉತ್ತರದಲ್ಲಿ ಅದು ಅಕ್ಬರನ ಕಾಲದಿಂದ, ದಖ್ಖನಿನಲ್ಲಿ ಷಹಜಹಾನನ ಕಾಲದಿಂದ, 1636ರ ಲೆಕ್ಕ ಹಿಡಿದು. ಅಂದು ಎರಡೂ ಒಂದೇ ಅಂಕಿ. ಆಮೇಲೆ ವರ್ಷಕ್ಕೆ ಹನ್ನೊಂದು ದಿನದಂತೆ ದೂರವಾಗುತ್ತ, ಮುನ್ನೂರು ವರ್ಷದಲ್ಲಿ ಒಂಬತ್ತು ವರ್ಷಗಳ ಅಂತರ ಬಿತ್ತು. ಟ್ರಂಕಿನ ನಾಣ್ಯಕ್ಕೂ ಪಹಣಿಗೂ ನಡುವಿನ ಒಂಬತ್ತು ವರ್ಷ ಅದೇ.

ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಶುರುವಾಗುತ್ತಿತ್ತು. ಆಜುರ್, ದೈ, ಬಹಮನ್ ಎಂದು ಅದಕ್ಕೆ ಇರಾನಿ ತಿಂಗಳ ಹೆಸರುಗಳು. ಫಸಲಿಗೆ 590 ಸೇರಿಸಿದರೆ ವರ್ಷ ಶುರುವಾದ ಇಸವಿ ಸಿಗುತ್ತದೆ. 1317 ಫಸಲಿಯ ಹೈದರಾಬಾದ್ ಕಂದಾಯ ಕಾನೂನು 1907ರದ್ದು. ಅದೇ ಮದರಾಸು ಪ್ರಾಂತದ ಫಸಲಿ ಜುಲೈ ಒಂದರಂದು ಶುರು. ತುಂಗಭದ್ರೆಯ ಆಚೆ ಬಳ್ಳಾರಿಯ ಫಸಲಿಗೂ ಈಚೆ ರಾಯಚೂರಿನ ಫಸಲಿಗೂ ಮೂರು ತಿಂಗಳ ವ್ಯತ್ಯಾಸ. ಇವುಗಳ ಜೊತೆಗೆ ಮನೆಯ ಪಂಚಾಂಗದ ಲೆಕ್ಕ ಬೇರೆ. 1944ರ ಯುಗಾದಿಗೆ ಬಂದದ್ದು ತಾರಣ ಸಂವತ್ಸರ. ಅಜ್ಜಿ ‘ತಾರಣದಲ್ಲಿ ಹುಟ್ಟಿದ್ದು’ ಎಂದರೆ ಅದು 1944 ಇರಬಹುದು, ಅರವತ್ತು ವರ್ಷ ಹಿಂದಿನ 1884 ಕೂಡ ಇರಬಹುದು.

ಒಂಬತ್ತು ವರ್ಷದ ಬೆಲೆ

ಚಾಕುವಿನ ವಯಸ್ಸು ಒಂಬತ್ತು ವರ್ಷ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಹೊಲದ ಕಾಗದದಲ್ಲಿ ತಪ್ಪಿದರೆ ಇದೆ. 1950ರಲ್ಲಿ ಹೈದರಾಬಾದ್ ರಾಜ್ಯ ಗೇಣಿದಾರರಿಗೆ ರಕ್ಷಣೆ ಕೊಡುವ ಕಾನೂನು ಮಾಡಿತು. ಆಗಿನ್ನೂ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಆ ರಾಜ್ಯದಲ್ಲೇ ಇದ್ದವು. ಯಾರು ರಕ್ಷಿತ ಗೇಣಿದಾರ ಎಂಬುದನ್ನು ಅದರ 34ನೇ ಕಲಂ ವರ್ಷಗಳ ಮೇಲೆ ನಿಲ್ಲಿಸಿತು. ಫಸಲಿ 1342ರಿಂದ 1352ರ ಒಳಗೆ ಕನಿಷ್ಠ ಆರು ವರ್ಷ ಎಡೆಬಿಡದೆ ಗೇಣಿ ಮಾಡಿದವನು ಒಬ್ಬ. 1948ರ ಜನವರಿ 1ಕ್ಕೆ ಮುಂಚಿನ ಆರು ವರ್ಷ ಮಾಡಿದವನು ಇನ್ನೊಬ್ಬ. ಫಸಲಿ 1353ರ ಮೊದಲ ದಿನದಿಂದ ಈಚೆಗೆ ಶುರುಮಾಡಿ, ಕಾನೂನು ಜಾರಿಗೆ ಬರುವುದರೊಳಗೆ ಆರು ವರ್ಷ ಮುಗಿಸಿದವನು ಮತ್ತೊಬ್ಬ. ಆ ಮೊದಲ ದಿನ ಯಾವುದೆಂಬುದರಲ್ಲಿ ಗೊಂದಲ ಬೇಡವೆಂದು ಕಾನೂನೇ ಅದರ ಇಸವಿಯನ್ನೂ ಬರೆದಿಟ್ಟಿತು: 1943ರ ಅಕ್ಟೋಬರ್ 6.

ಈಗ ಟ್ರಂಕಿನ ಪಹಣಿಯನ್ನು ಮತ್ತೆ ನೋಡಿ. 1354 ಫಸಲಿ ಎಂದರೆ 1944ರ ಅಕ್ಟೋಬರಿನಿಂದ ಆಚೆ. ಅದು ಮೊದಲ ಅವಧಿಯ ಹೊರಗೆ. ಅದನ್ನೇ ಹಿಜರಿ ಎಂದು ಓದಿದರೆ 1935 ಆಗುತ್ತದೆ. ಅದು ಮೊದಲ ಅವಧಿಯ ನಡುಮಧ್ಯೆ ಹೋಗಿ ಕೂರುತ್ತದೆ. ಕಾಗದ ಅದೇ, ಅಂಕಿ ಅದೇ, ಆದರೆ ಉಳುವವನ ಹಕ್ಕು ನಿಲ್ಲುವ ಜಾಗವೇ ಬೇರೆಯಾಗುತ್ತದೆ. ಅಂದಿನ ತಹಸೀಲಿನ ಗುಮಾಸ್ತರಿಗೆ ಈ ಗೊಂದಲ ಇರಲಿಲ್ಲ, ಅವರು ದಿನವೂ ಬರೆಯುತ್ತಿದ್ದ ಲೆಕ್ಕ ಅದು. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾಗದಗಳ ಭಾಷೆ ಬದಲಾಯಿತು, ಮೊಮ್ಮಕ್ಕಳಿಗೆ ಉರ್ದು ಅಂಕಿಗಳೇ ಗುರುತು ಸಿಗದಾದವು. ಹಿಂದೆ ಗುಮಾಸ್ತರ ತಲೆಯಲ್ಲಿದ್ದ ಪಟ್ಟಿ ಈಗ ಯಾರ ತಲೆಯಲ್ಲೂ ಇಲ್ಲ. ಶೆಫೀಲ್ಡಿನ ಹಿಂದುಮುಂದಾದ ಅಕ್ಷರಗಳಿಗೆ ಪಟ್ಟಿ ಬೇಕಾದಷ್ಟೇ ಇದಕ್ಕೂ ಬೇಕು.

ಇವತ್ತಿನ ಮುದ್ರೆಗಳು

ವರ್ಷ ಒತ್ತುವ ಕೆಲಸ ನಿಂತಿಲ್ಲ. ನಾರಾಯಣಗೂಡದ ಯಾವ ಕಿರಾಣಿ ಅಂಗಡಿಯಲ್ಲಾದರೂ ಹಳೆಯ ಕಬ್ಬಿಣದ ತೂಕದ ಬಟ್ಟು ಇದ್ದರೆ ಅದನ್ನು ತಿರುಗಿಸಿ ನೋಡಬಹುದು. ಅದರಲ್ಲೊಂದು ತೂತು, ತೂತಿನಲ್ಲಿ ಸೀಸ, ಸೀಸದ ಮೇಲೆ ಅಳತೆ ಮತ್ತು ತೂಕ ಇಲಾಖೆಯ ಮುದ್ರೆ. ಅದರಲ್ಲಿ ವರ್ಷದ ಅಂಕಿ ಇರುತ್ತದೆ, ತ್ರೈಮಾಸಿಕಕ್ಕೆ ಎ, ಬಿ, ಸಿ, ಡಿಗಳಲ್ಲಿ ಒಂದು ಅಕ್ಷರ ಇರುತ್ತದೆ. ಬಟ್ಟುಗಳನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸಬೇಕು. ಸೀಸ ಮೆದು, ಹೊಸ ಮುದ್ರೆ ಹೊಡೆದಾಗ ಹಳೆಯದು ಮುಚ್ಚಿಹೋಗುತ್ತದೆ. ಚಾಕುವಿನ ಬುಡದ್ದು ಹುಟ್ಟಿದ ವರ್ಷವಾದರೆ, ಬಟ್ಟಿನದು ಕೊನೆಯ ಬಾರಿ ಸಾಚಾ ಎನಿಸಿಕೊಂಡ ವರ್ಷ.

ಬಂಗಾರದ ಹಾಲ್‌ಮಾರ್ಕಿನಲ್ಲಿ 2000ದಿಂದ ಲಂಡನ್ ಮಾದರಿಯ ವರ್ಷದ ಅಕ್ಷರವೂ ಇತ್ತು. 2000ಕ್ಕೆ ಎ, 2001ಕ್ಕೆ ಬಿ, 2008ಕ್ಕೆ ಜೆ. 2017ರಲ್ಲಿ ಅದನ್ನು ಕೈಬಿಟ್ಟರು. 2021ರಿಂದ ಪ್ರತಿ ಒಡವೆಗೂ ಬೇರೆಬೇರೆಯಾದ ಆರು ಅಕ್ಷರ-ಅಂಕಿಗಳ ಸಂಕೇತ ಬಂದಿದೆ. ಜವಾಬ್ದಾರಿ ಹುಡುಕಲು ಅದು ವರ್ಷಕ್ಕಿಂತ ಚುರುಕು. ಆದರೆ ಮೊಬೈಲು ಇಲ್ಲದೆ ಬರಿಗಣ್ಣಿಗೆ ಅದು ಏನನ್ನೂ ಹೇಳುವುದಿಲ್ಲ.

ಇನ್ನು ಕಿಸೆ ಚಾಕು. 1977ರ ಪ್ಯಾಕೇಜು ನಿಯಮಗಳ ಕಾಲದಿಂದ ಭಾರತದಲ್ಲಿ ಪೊಟ್ಟಣ ಕಟ್ಟಿ ಮಾರುವ ಸರಕಿನ ಮೇಲೆ ತಯಾರಾದ ತಿಂಗಳು, ವರ್ಷ ಇರಬೇಕು. ನಾರಾಯಣಗೂಡದಲ್ಲೇ ಇರುವ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್‌ಗೆ ನಾಯಿ ಕಚ್ಚಿದವರು ಸೂಜಿಗೆ ಹೋಗುತ್ತಾರೆ. ಅಲ್ಲಿ ಲಸಿಕೆಯ ಸೀಸೆಯ ಮೇಲಿನ ತಾರೀಕು ಪ್ರಾಣದ ವಿಷಯ. ಕೆಡುವ ವಸ್ತುವಿಗೆ ಅದು ಸರಿ. ಕೆಡದ ಚಾಕುವಿಗೂ ನಿಯಮ ಅದನ್ನೇ ಕೇಳುತ್ತದೆ, ಆದರೆ ಅಲಗಿನ ಮೇಲೆ ಅಲ್ಲ, ರಟ್ಟಿನ ಮೇಲೆ. ಮನೆಗೆ ಬಂದ ಐದೇ ನಿಮಿಷದಲ್ಲಿ ರಟ್ಟು ಕಸದ ಬುಟ್ಟಿಗೆ ಹೋಗುತ್ತದೆ. ಐವತ್ತು ವರ್ಷ ಬಾಳುವ ಚಾಕುವಿನ ಇಸವಿಗೆ ಒಂದು ಸಂಜೆಯ ಆಯುಸ್ಸು.

ಟ್ರಂಕು ತೆರೆಯುವವರಿಗೆ ಹೇಳಬಹುದಾದ್ದು ಕೆಲವೇ ಮಾತು. ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಬಾರದು. ಚಾಕುವಿನ ಬುಡಕ್ಕೆ ಮರಳು ಕಾಗದ ತಾಗಿಸಬಾರದು. ತುಕ್ಕು ಇದ್ದರೆ ಒಂದು ಹನಿ ಎಣ್ಣೆ, ಮೆತ್ತನೆಯ ಬಟ್ಟೆ ಸಾಕು. ಪಹಣಿಯ ಮೇಲಿನ ಅಂಕಿಯನ್ನು ಹಾಗೇ ಬಿಟ್ಟು, ಬೇರೊಂದು ಚೀಟಿಯಲ್ಲಿ ಅದು ಯಾವ ಲೆಕ್ಕದ ವರ್ಷ, ಇಸವಿಯಲ್ಲಿ ಎಷ್ಟು ಎಂದು ಬರೆದು ಜೊತೆಗಿಡಬೇಕು. ಮನೆಯಲ್ಲಿ ಉರ್ದು ಅಂಕಿ ಓದಬಲ್ಲ ಹಿರಿಯರು ಇನ್ನೂ ಇದ್ದರೆ ಈ ಚೀಟಿಯನ್ನು ಅವರಿಂದಲೇ, ಈ ವಾರವೇ ಬರೆಸಿಕೊಳ್ಳುವುದು ಒಳ್ಳೆಯದು.